ನೀಲಿ ಬನಿಯನ್

ನಮ್ಮನೆ ಗಂಡಸರ ಬನಿಯನ್ ಯಾವತ್ತೂ ಬೆಳ್ಳಗಿದ್ದದ್ದಿಲ್ಲ. ಅಜ್ಜಯ್ಯನದ್ದು, ಅಪ್ಪಯ್ಯನದ್ದು, ಆಮೇಲೆ ನನ್ನದು, ಎಲ್ಲಕ್ಕೂ ಮಳೆಗಾಲ ಮುಗಿಯೋ ಹೊತ್ತಿಗೆ ಒಂದು ನಮೂನೆ ತೆಳು ನೀಲಿ ಹಿಡಿದಿರುತ್ತಿತ್ತು. ಬಿಇ ಮೊದಲ ವರ್ಷ ಹಾಸ್ಟೆಲ್ಲಿನ ತಂತಿ ಮೇಲೆ ಅದನ್ನು ಒಣಗಿಸಿದಾಗ ರೂಮ್‌ಮೇಟ್ ಕೇಳಿದ್ದ, "ಏನ್ ಗುರೂ, ಉಜಾಲ ಬಾಟ್ಲಿ ಪೂರ್ತಿ ಸುರ್ಕೊಂಡ್ಯಾ?"

ಹೌದು ಅಂದುಬಿಟ್ಟೆ. ಇದು ಬೋರ್ಡೋ, ಅಡಿಕೆ ಕೊಳೆಗೆ ಹೊಡೆಯೋ ಔಷಧಿ, ಪಂಪು ಒತ್ತುವಾಗ ಮೇಲಿಂದ ಹನಿ ಬೀಳತ್ತೆ ಅಂತೆಲ್ಲ ವಿವರಿಸೋ ತಾಳ್ಮೆ ಆಗ ಇರಲಿಲ್ಲ. ಸ್ವಲ್ಪ ನಾಚಿಕೆಯೂ ಇತ್ತು ಅನ್ನಿ.

ಈಗ ಬೆಂಗಳೂರಲ್ಲಿ ನನ್ನ ಬನಿಯನ್‌ಗಳೆಲ್ಲ ಬೆಳ್ಳಗಿವೆ. ಹೋದ ವರ್ಷ ಗಣೇಶನ ಹಬ್ಬಕ್ಕೆ ಊರಿಗೆ ಹೋದಾಗ ಅಂಥ ನಾಲ್ಕು ಬನಿಯನ್ ಕಟ್ಟಿಕೊಂಡು ಹೋಗಿ ಮಣ್ಣಲ್ಲಿ ಹೂತು ಬಂದೆ. ತಲೆ ಸರಿ ಇದ್ಯಾ ಅಂತ ನೀವು ಕೇಳೋದಕ್ಕಿಂತ ಮುಂಚೆ ಅಮ್ಮ ಕೇಳಿಯಾಗಿದೆ. ಆ ಕತೆಗೆ ಬರುತ್ತೇನೆ. ಮೊದಲು ಆ ನೀಲಿಯ ವಿಷಯ.

ನಮ್ಮದು ತೀರ್ಥಹಳ್ಳಿ ಕಡೆ ಎರಡು ಎಕರೆ ಅಡಿಕೆ ತೋಟ. ಮಲೆನಾಡಿನ ಮಳೆಯಲ್ಲಿ ಅಡಿಕೆಗೆ ಬರೋ ದೊಡ್ಡ ರೋಗ ಕೊಳೆ. ಫೈಟಾಫ್ತೊರಾ ಅನ್ನೋ ಜೀವಿ ಅದರ ಕಾರಣ. ನೋಡೋಕೆ ಶಿಲೀಂಧ್ರದ ಹಾಗೆ, ನೆಂಟಸ್ತನದಲ್ಲಿ ಪಾಚಿಗೆ ಹತ್ತಿರ. ವಾರಗಟ್ಟಲೆ ಬಿಸಿಲು ಕಾಣದ ಜುಲೈಯಲ್ಲಿ ಎಳೆ ಕಾಯಿ ಮೇಲೆ ಬಿಳಿ ಬೂಸಲು ಕೂತಿತು ಅಂದರೆ, ಬೆಳಗ್ಗೆ ಎದ್ದು ನೋಡೋ ಹೊತ್ತಿಗೆ ಮರದ ಬುಡದ ತುಂಬ ಹಸಿರು ಕಾಯಿ. ವರ್ಷದ ಸಂಬಳ ಕಣ್ಣೆದುರಿಗೇ ಉದುರಿ ಬಿದ್ದಿರತ್ತೆ.

ಅದಕ್ಕೆ ಮದ್ದು ಬೋರ್ಡೋ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ತುತ್ತ ಬೇರೆ ಕರಗಿಸಬೇಕು, ಸುಣ್ಣ ಬೇರೆ ಕರಗಿಸಬೇಕು, ಆಮೇಲೆ ಸುಣ್ಣದ ನೀರಿಗೆ ತುತ್ತದ ನೀರು ನಿಧಾನಕ್ಕೆ ಹುಯ್ಯಬೇಕು. ಸರಿಯಾಗಿ ಕೂಡಿದರೆ ಒಳ್ಳೆ ಆಕಾಶದ ಬಣ್ಣ. ಅಪ್ಪಯ್ಯ ಅದಕ್ಕೆ ತಿಕ್ಕಿ ತೊಳೆದ ಕಬ್ಬಿಣದ ಕತ್ತಿ ಅದ್ದಿ ನೋಡುತ್ತಿದ್ದರು. ಕತ್ತಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ. ಇನ್ನೊಂದು ಮುಷ್ಟಿ ಹಾಕಿ, ಕದಡಿ, ಮತ್ತೆ ಅದ್ದಿ, ಕತ್ತಿ ಹಾಗೇ ಹೊಳೆಯುತ್ತ ಬಂದರೆ "ಹ್ಞಾ, ಹೊಡೀಬೌದು" ಅನ್ನೋರು. ನಾನು ಜೀವನದಲ್ಲಿ ನೋಡಿದ ಮೊದಲ ಟೆಸ್ಟಿಂಗ್ ಅದು. ಫೇಲ್ ಆದರೆ ಮುಂದಕ್ಕೆ ಬಿಡೋ ಮಾತೇ ಇಲ್ಲ.

ಈ ಮದ್ದು ಹುಟ್ಟಿದ್ದು ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ. ದಾರಿಹೋಕರು ಹಣ್ಣು ಕದಿಯದಿರಲಿ ಅಂತ ರಸ್ತೆ ಪಕ್ಕದ ದ್ರಾಕ್ಷಿ ಬಳ್ಳಿಗೆ ತುತ್ತ, ಸುಣ್ಣ ಬಳಿದಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ರೋಗ ಬಂದಿಲ್ಲ ಅನ್ನೋದು ಮಿಲಾರ್ಡೆ ಅನ್ನೋ ವಿಜ್ಞಾನಿ ಕಣ್ಣಿಗೆ ಬಿತ್ತು. 1885ರಲ್ಲಿ ಆತ ಅದನ್ನು ಪ್ರಕಟಿಸಿದ. ನಮ್ಮ ಅಡಿಕೆಗೆ ಅದನ್ನು ತಂದದ್ದು ಲೆಸ್ಲಿ ಕೋಲ್ಮನ್, 1908ರಲ್ಲಿ ಕೆನಡಾದಿಂದ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದವರು. ಅವರು ಮಲೆನಾಡಿನ ಕೊಳೆರೋಗದ ಬೆನ್ನು ಹತ್ತಿ, ಬೋರ್ಡೋ ಹೊಡೆದರೆ ನಿಲ್ಲತ್ತೆ ಅಂತ ತೋರಿಸಿಕೊಟ್ಟರು. ಅದಕ್ಕೂ ಮುಂಚೆ ಕೊನೆಗೆ ಕೊಟ್ಟೆ ಕಟ್ಟಿ ಮಳೆ ತಾಗದ ಹಾಗೆ ಕಾಪಾಡಿಕೊಳ್ಳೋದೇ ದಾರಿಯಾಗಿತ್ತು.

ನಮ್ಮನೆಗೆ ಬೋರ್ಡೋ ಬಂದದ್ದು ಅಜ್ಜಯ್ಯನ ಕಾಲಕ್ಕೆ. ನನ್ನ ಬಿಇ ಫೀಸು, ಹಾಸ್ಟೆಲ್ ಫೀಸು, ಮೊದಲ ಲ್ಯಾಪ್‌ಟಾಪ್ ಎಲ್ಲ ಆ ನೀಲಿ ಉಳಿಸಿಕೊಟ್ಟ ಅಡಿಕೆಯ ದುಡ್ಡು. ಇದನ್ನು ಮೊದಲೇ ಹೇಳಿಬಿಡೋದು ಒಳ್ಳೆಯದು. ಮುಂದೆ ಬರೆಯೋದನ್ನೆಲ್ಲ ಓದಿ, ಬೆಂಗಳೂರಲ್ಲಿ ಎಸಿ ಕೆಳಗೆ ಕೂತವನು ಹಳ್ಳಿಯವರಿಗೆ ವಿಷ, ವಿಷ ಅಂತ ಪಾಠ ಹೇಳ್ತಿದ್ದಾನೆ ಅಂತ ಅನ್ನಿಸಬಾರದು.

ಆದರೆ ಪಾಠ ಹೇಳಿದ್ದೆ, ಒಂದು ಸಲ.

2018. ಕೆಲಸಕ್ಕೆ ಸೇರಿ ಒಂಬತ್ತು ವರ್ಷ ಆಗಿತ್ತು. ರಾತ್ರಿ ಆನ್‌ಕಾಲ್ ಡ್ಯೂಟಿಯಲ್ಲಿ ಸುಮ್ಮನೆ ಕೂತು ಮಣ್ಣಿನ ಬಗ್ಗೆ ಓದೋ ಚಟ ಹತ್ತಿತ್ತು. ಹಾಗೆ ಓದುತ್ತಿದ್ದಾಗ ಬೋರ್ಡೋ ಊರಿನ ದ್ರಾಕ್ಷಿ ತೋಟಗಳ ಮಣ್ಣಲ್ಲಿ ನೂರು ವರ್ಷದ ತಾಮ್ರ ಹಾಗೇ ಕೂತಿದೆ ಅಂತ ಗೊತ್ತಾಯಿತು. ಬೇರೆ ಎಷ್ಟೋ ಔಷಧಿ ದಿನ ಕಳೆದ ಹಾಗೆ ಒಡೆದು ಬೇರೆ ಏನೋ ಆಗತ್ತೆ. ತಾಮ್ರ ಮೂಲವಸ್ತು. ಅದು ಒಡೆಯೋದಿಲ್ಲ.

ಕ್ಯಾಲ್ಕುಲೇಟರ್ ತೆಗೆದೆ. ಮೈಲುತುತ್ತದ ತೂಕದಲ್ಲಿ ಸುಮಾರು ಕಾಲು ಭಾಗ ತಾಮ್ರ. 200 ಲೀಟರಿನ ಒಂದು ಡ್ರಮ್ಮಿಗೆ 2 ಕೆಜಿ ತುತ್ತ. ನಮ್ಮ ಎರಡು ಎಕರೆಗೆ ಒಂದು ಸುತ್ತಿಗೆ ನಾಲ್ಕು ಡ್ರಮ್, ವರ್ಷಕ್ಕೆ ಎರಡು ಸುತ್ತು. ಅಲ್ಲಿಗೆ 16 ಕೆಜಿ ತುತ್ತ, 4 ಕೆಜಿ ತಾಮ್ರ. ಅಜ್ಜಯ್ಯ ಶುರು ಮಾಡಿ 50 ವರ್ಷ. 200 ಕೆಜಿ.

ಸಂಖ್ಯೆಯಾಗಿ ಅದು ಏನೂ ಅನ್ನಿಸಲಿಲ್ಲ. ಆಮೇಲೆ ನಮ್ಮನೆ ಬಚ್ಚಲಿನ ಹಂಡೆ ನೆನಪಾಯಿತು. ಅಜ್ಜಿ ತವರಿಂದ ತಂದ ತಾಮ್ರದ ಹಂಡೆ, ಹತ್ತು ಕೆಜಿ ತೂಗತ್ತೆ. ಅಂಥ 20 ಹಂಡೆಯನ್ನು ಪುಡಿ ಮಾಡಿ ನಾವು ಎರಡು ಎಕರೆಗೆ ಎರಚಿದ್ದೇವೆ. ಮಳೆ ನೀರಲ್ಲಿ, ಕೊಯ್ದ ಅಡಿಕೆಯಲ್ಲಿ ಒಂದಿಷ್ಟು ಹೊರಗೆ ಹೋಗಿರತ್ತೆ ಅಂತಿಟ್ಟುಕೊಂಡರೂ ಮಿಕ್ಕಿದ್ದು ಅಲ್ಲೇ ಇದೆ, ಅದೂ ಬೇರು ಓಡಾಡೋ ಮೇಲಿನ ಪದರದಲ್ಲೇ.

ಅವತ್ತೇ ಫೋನ್ ಮಾಡಿ ಅಪ್ಪಯ್ಯನಿಗೆ ಭಾಷಣ ಬಿಗಿದೆ. ಮೊದಲ ಸುತ್ತು ಆಗಿತ್ತು. ಎರಡನೇದು ಕೆಳಗಿನ ಒಂದು ಎಕರೆಗೆ ಬೇಡವೇ ಬೇಡ ಅಂತ ಹಟ ಹಿಡಿದೆ. ಮಗ ಓದಿದವನು, ಏನೋ ಗೊತ್ತಿದ್ದೇ ಹೇಳ್ತಾನೆ ಅಂತ ಅವರೂ ಒಪ್ಪಿಬಿಟ್ಟರು.

2018ರ ಮಳೆಗಾಲ ನಿಮಗೆ ನೆನಪಿರಬೇಕು. ಕೊಡಗಲ್ಲಿ ಗುಡ್ಡಗಳೇ ಜಾರಿ ಬಂದ ವರ್ಷ. ನಮ್ಮಲ್ಲೂ ಮಳೆ ಬಿಡಲೇ ಇಲ್ಲ. ಎಂಟು ಕ್ವಿಂಟಲ್ ಆಗೋ ಕೆಳಗಿನ ತೋಟದಲ್ಲಿ ಎರಡೂವರೆ ಆಯಿತು. ಮೇಲಿನ ತೋಟಕ್ಕೂ ಕೊಳೆ ಬಂತು, ಆದರೆ ಅರ್ಧಕ್ಕಿಂತ ಜಾಸ್ತಿ ಉಳೀತು. ನಾನು ಫೋನ್ ಮಾಡಿ "ಅಪ್ಪಯ್ಯ, ತಪ್ಪಾಯ್ತು" ಅಂದಾಗ ಅವರು, "ಎಂತ ಮಾಡಕಾಗ್ತದೆ, ಮಳೆ ಹಂಗಿತ್ತು. ಊಟ ಆಯ್ತಾ?" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಅಲ್ಲಿಂದ ಎರಡು ವರ್ಷ ನಾನು ಮಣ್ಣಿನ ಬಗ್ಗೆ ಬಾಯಿ ಬಿಡಲಿಲ್ಲ. ಓದೋದು ಮಾತ್ರ ಬಿಡಲಿಲ್ಲ. ಅರ್ಧ ಓದಿ ಆದ ಅನಾಹುತ, ಪೂರ್ತಿ ಓದದೆ ಸರಿಯಾಗಲ್ಲ ಅನ್ನೋ ಭಾವನೆ. ಕೃಷಿ ಬಿಎಸ್ಸಿ ಮಾಡಿದ ಗೆಳೆಯನೊಬ್ಬನಿಗೆ ವಾಟ್ಸಾಪಿನಲ್ಲಿ ಪ್ರಶ್ನೆ ಕೇಳಿ ಕೇಳಿ ಅವನು ನನ್ನನ್ನು ಮ್ಯೂಟ್ ಮಾಡೋ ಹಂತಕ್ಕೆ ತಂದಿದ್ದೆ. ಆ ದಿನಗಳಲ್ಲಿ ತಲೆಗೆ ಹೋದ ಮುಖ್ಯ ವಿಷಯ ಕಿಣ್ವ, ಅಂದರೆ ಎಂಜೈಮ್.

ನಾವು ಮಣ್ಣು ಅಂದಾಗ ಸಾರಜನಕ, ರಂಜಕ, ಪೊಟ್ಯಾಶ್ ಅಂತ ದಾಸ್ತಾನಿನ ಲೆಕ್ಕ ಹೇಳುತ್ತೇವೆ. ಆದರೆ ದಾಸ್ತಾನು ಇದ್ದರೆ ಸಾಕಾ? ಎತ್ತಿ ಕೊಡೋರು ಬೇಕಲ್ಲ. ಉದುರಿದ ಎಲೆ ಹಾಗೇ ಬಿದ್ದಿದ್ದರೆ ಗಿಡಕ್ಕೆ ಅದರಿಂದ ಉಪಯೋಗವಿಲ್ಲ. ಅದನ್ನು ಕತ್ತರಿಸಿ, ಒಡೆದು, ಬೇರು ಕುಡಿಯೋ ಹಾಗೆ ಮಾಡೋ ಕೆಲಸಗಾರರು ಮಣ್ಣಿನ ಕಿಣ್ವಗಳು. ಸೆಲ್ಯುಲೇಸ್ ಎಲೆಯ ನಾರು ಕತ್ತರಿಸತ್ತೆ. ಫಾಸ್ಫಟೇಸ್ ಸಾವಯವ ವಸ್ತುವಿನಲ್ಲಿ ಸಿಕ್ಕಿಕೊಂಡ ರಂಜಕ ಬಿಡಿಸಿಕೊಡತ್ತೆ. ನೀವು ಹಾಕಿದ ಯೂರಿಯಾ ಬಹುಪಾಲು ಯೂರಿಯೇಸ್ ಕೈಯಲ್ಲಿ ಅಮೋನಿಯಾ ಆಗಿ ಒಡೆದ ಮೇಲೇ ಗಿಡಕ್ಕೆ ದಕ್ಕೋದು. ಇವನ್ನೆಲ್ಲ ತಯಾರಿಸೋದು ಬ್ಯಾಕ್ಟೀರಿಯಾ, ಶಿಲೀಂಧ್ರ, ಗಿಡದ ಬೇರು.

ನನಗೆ ರೋಮಾಂಚನ ಆದದ್ದು ಇನ್ನೊಂದು ವಿಷಯಕ್ಕೆ. ಈ ಕಿಣ್ವಗಳಲ್ಲಿ ಎಷ್ಟೋ, ತಯಾರಿಸಿದ ಜೀವಿ ಸತ್ತ ಮೇಲೂ ಜೇಡಿ ಕಣಕ್ಕೋ ಗೊಬ್ಬರದ ಕಣಕ್ಕೋ ಅಂಟಿಕೊಂಡು ಕೆಲಸ ಮಾಡುತ್ತಲೇ ಇರುತ್ತವೆ. ನಮ್ಮ ಆಫೀಸಲ್ಲೂ ಹಾಗೇ. ಕಂಪನಿ ಬಿಟ್ಟು ಹೋಗಿ ಆರು ವರ್ಷ ಆದವನ ಸ್ಕ್ರಿಪ್ಟ್ ಇವತ್ತೂ ದಿನಾ ರಾತ್ರಿ ಎರಡು ಗಂಟೆಗೆ ಓಡತ್ತೆ. ಯಾರು ಬರೆದದ್ದು ಗೊತ್ತಿಲ್ಲ, ನಿಂತ ದಿನ ಮಾತ್ರ ಎಲ್ಲರಿಗೂ ಗೊತ್ತಾಗತ್ತೆ.

ಡಿಹೈಡ್ರೋಜಿನೇಸ್ ಅನ್ನೋದೊಂದು ಹಾಗಲ್ಲ. ಅದು ಜೀವ ಇರೋ ಕೋಶದ ಒಳಗೆ ಮಾತ್ರ ನಡೆಯತ್ತೆ. ಹಾಗಾಗಿ ಅದನ್ನು ಅಳೆಯೋದು ಅಂದರೆ ಮಣ್ಣಿನ ನಾಡಿ ಹಿಡಿದು ನೋಡಿದ ಹಾಗೆ. ಟಿಟಿಸಿ ಅಂತ ಬಣ್ಣ ಇಲ್ಲದ ಒಂದು ರಾಸಾಯನಿಕವನ್ನು ಮಣ್ಣಿಗೆ ಬೆರೆಸಿಡುತ್ತಾರೆ. ಮಣ್ಣು ಉಸಿರಾಡುತ್ತಿದ್ದರೆ ಅದು ಕೆಂಪಾಗತ್ತೆ. ಹೆಚ್ಚು ಕೆಂಪು, ಹೆಚ್ಚು ಜೀವ.

ಈಗ ಔಷಧಿ ಇಲ್ಲಿಗೆ ಬಂದು ಬಿದ್ದರೆ ಏನಾಗತ್ತೆ? ಇದಕ್ಕೆ ಒಂದೇ ಉತ್ತರ ಇಲ್ಲ, ನನ್ನ ಹಳೆ ಭಾಷಣದಲ್ಲಿ ಇದ್ದ ತಪ್ಪು ಅದೇ. ಕೆಲವು ಕೀಟನಾಶಕ ಹೇಳಿದ ಪ್ರಮಾಣದಲ್ಲಿ ಹಾಕಿದಾಗ ಕಿಣ್ವದ ಚಟುವಟಿಕೆ ಸ್ವಲ್ಪ ದಿನ ಕುಸಿದು ಮತ್ತೆ ಏಳತ್ತೆ. ಕೆಲವು ಸಲ ಏರುವುದೂ ಉಂಟು, ಯಾಕೆಂದರೆ ಕೆಲವು ಬ್ಯಾಕ್ಟೀರಿಯಾ ಆ ಔಷಧಿಯನ್ನೇ ಊಟ ಮಾಡುತ್ತವೆ. ಬೇರುಹುಳಕ್ಕೆ ಅಂತ ನಮ್ಮಲ್ಲಿ ಬುಡಕ್ಕೆ ಹುಯ್ಯೋ ಕ್ಲೋರ್‌ಪೈರಿಫಾಸ್ ಕತೆ ಬೇರೆ. ಅದು ಒಡೆದಾಗ ಹುಟ್ಟೋ ಟಿಸಿಪಿ ಅನ್ನೋ ವಸ್ತು, ಅದನ್ನು ಒಡೆಯೋ ಜೀವಿಗಳಿಗೇ ತೊಂದರೆ ಕೊಡತ್ತೆ. ಕಳೆಗೆ ಹೊಡೆಯೋ ಗ್ಲೈಫೋಸೇಟ್ ಹುಲ್ಲು ಕೊಲ್ಲೋದೇ ಒಂದು ಕಿಣ್ವವನ್ನು ನಿಲ್ಲಿಸಿ. ಅದೇ ಕಿಣ್ವ ಮಣ್ಣಿನ ಎಷ್ಟೋ ಬ್ಯಾಕ್ಟೀರಿಯಾ, ಶಿಲೀಂಧ್ರಗಳಲ್ಲೂ ಇದೆ. ಒಟ್ಟಾರೆ ಪ್ರಮಾಣ, ಮಣ್ಣು, ಎಷ್ಟು ಸಲ ಹೊಡೆದಿರಿ ಅನ್ನೋದರ ಮೇಲೆ ಎಲ್ಲ ನಿಂತಿದೆ.

ತಾಮ್ರದ್ದು ಮಾತ್ರ ನೇರ ವ್ಯವಹಾರ. ಕಿಣ್ವ ಅಂದರೆ ಒಂದು ಪ್ರೋಟೀನ್. ಅದರ ಮೈಮೇಲೆ ಅಲ್ಲಲ್ಲಿ ಗಂಧಕ ಇರೋ ಗುಂಪುಗಳಿರುತ್ತವೆ. ತಾಮ್ರಕ್ಕೆ ಗಂಧಕ ಕಂಡರೆ ಹೋಗಿ ಹಿಡಿದುಕೊಳ್ಳೋ ಸ್ವಭಾವ. ಹಿಡಿದರೆ ಕಿಣ್ವದ ಆಕಾರ ಕೆಡತ್ತೆ, ಬೀಗದ ತೂತಿಗೆ ಅಂಟು ಮೆತ್ತಿದ ಹಾಗೆ. ಕೊಳೆಯ ಬೀಜಾಣುವನ್ನು ತಾಮ್ರ ಕೊಲ್ಲೋದೂ ಹೀಗೇ ಪ್ರೋಟೀನುಗಳನ್ನು ಕೆಡಿಸಿ. ಮರದ ಮೇಲೆ ನಮಗೆ ಬೇಕಾದ ಕೆಲಸವನ್ನೇ ಅದು ಮರದ ಕೆಳಗೂ ಮಾಡತ್ತೆ. ಯೂರಿಯೇಸ್, ಡಿಹೈಡ್ರೋಜಿನೇಸ್ ಎರಡೂ ತಾಮ್ರಕ್ಕೆ ಬೇಗ ಬಗ್ಗುತ್ತವೆ. ಹಾಗಂತ ತಾಮ್ರ ಶತ್ರುವೂ ಅಲ್ಲ. ಮರದ ಗಟ್ಟಿ ನಾರನ್ನು ಒಡೆಯೋ ಲ್ಯಾಕೇಸ್ ಅನ್ನೋ ಕಿಣ್ವದ ಹೊಟ್ಟೆಯಲ್ಲೇ ತಾಮ್ರ ಇದೆ. ಉಪ್ಪಿನ ಹಾಗೆ, ಚಿಟಿಕೆ ಬೇಕು, ಸೇರು ಬೇಡ.

ಯುರೋಪಿನವರು 2019ರಿಂದ ಇದಕ್ಕೊಂದು ಮಿತಿ ಹಾಕಿಕೊಂಡಿದ್ದಾರೆ. ಏಳು ವರ್ಷದಲ್ಲಿ ಹೆಕ್ಟೇರಿಗೆ 28 ಕೆಜಿ ತಾಮ್ರಕ್ಕಿಂತ ಜಾಸ್ತಿ ಹೋಗಬಾರದು. ಸಾವಯವ ಬೆಳೆಗಾರರಿಗೂ ಇದೇ ಲೆಕ್ಕ, ಯಾಕೆಂದರೆ ಅವರಿಗೂ ಬೋರ್ಡೋ ಹೊಡೆಯಲು ಅನುಮತಿ ಇದೆ. ನಮ್ಮ ತೋಟದ್ದು ಲೆಕ್ಕ ಹಾಕಿದರೆ ಏಳು ವರ್ಷಕ್ಕೆ ಹೆಕ್ಟೇರಿಗೆ ಸುಮಾರು 35 ಕೆಜಿ. ತೀರಾ ಹುಚ್ಚಾಪಟ್ಟೆ ಏನಿಲ್ಲ. ಆದರೆ 50 ವರ್ಷ ಅನ್ನೋದು ದೊಡ್ಡ ಸಂಖ್ಯೆ.

ಅಪ್ಪಯ್ಯನ ಹತ್ತಿರ ಮಣ್ಣು ಆರೋಗ್ಯ ಕಾರ್ಡ್ ಇದೆ. 2015ರಲ್ಲಿ ಶುರುವಾದ ಯೋಜನೆಯದ್ದು, 12 ಅಂಶಗಳ ವರದಿ. ರಸಸಾರ, ಸಾವಯವ ಇಂಗಾಲ, ಸಾರಜನಕ, ಸತು, ಬೋರಾನ್ ಎಲ್ಲ ಇದೆ. ತಾಮ್ರವೂ ಇದೆ. ಅದರ ಎದುರಿಗೆ ಬರೆದಿದ್ದು: "ಸಾಕಷ್ಟು." ಕೊರತೆ ಇದೆಯಾ ಇಲ್ಲವಾ ಅಂತ ಕೇಳೋ ಕಾರ್ಡು ಅದು, ಹೆಚ್ಚಾಗಿದೆಯಾ ಅಂತ ಕೇಳಲ್ಲ. ಕಿಣ್ವದ ಸಾಲು ಆ ಹನ್ನೆರಡರಲ್ಲಿ ಇಲ್ಲವೇ ಇಲ್ಲ. ಗೋಡೌನಿನ ಸ್ಟಾಕ್ ಪಟ್ಟಿ ಇದೆ, ಕೆಲಸಕ್ಕೆ ಎಷ್ಟು ಜನ ಬಂದಿದ್ದಾರೆ ಅನ್ನೋ ಹಾಜರಿ ಪುಸ್ತಕ ಇಲ್ಲ.

ಗೆಳೆಯನನ್ನು ಕೇಳಿದೆ, ಲ್ಯಾಬಿಗೆ ಕೊಟ್ಟು ಆ ಕೆಂಪು ಬಣ್ಣದ ಪರೀಕ್ಷೆ ಮಾಡಿಸೋಣವಾ? ಅವನು ನಕ್ಕ. "ತಾಮ್ರ ಇರೋ ಮಣ್ಣಿಗೆ ಅದು ಸರಿಯಾಗಿ ಬರಲ್ಲ ಕಣೋ. ತಾಮ್ರ ಆ ಕೆಂಪು ಬಣ್ಣವನ್ನೇ ಮಂಕು ಮಾಡತ್ತೆ. ಜೀವ ಕಡಿಮೆ ಇದ್ಯೋ, ಬಣ್ಣ ಕಡಿಮೆ ಆಯ್ತೋ ಹೇಳೋದು ಕಷ್ಟ." ಹೌದು, 1991ರಲ್ಲೇ ಚಂದರ್ ಮತ್ತು ಬ್ರೂಕ್ಸ್ ಅನ್ನೋ ಇಬ್ಬರು ಇದನ್ನೇ ಎತ್ತಿ ತೋರಿಸಿದ್ದಾರೆ. ಟೆಸ್ಟ್ ಕೇಸಲ್ಲೇ ಬಗ್ ಇರೋದು ನಮ್ಮ ಫೀಲ್ಡಿನ ಸಮಸ್ಯೆ ಮಾತ್ರ ಅಂದುಕೊಂಡಿದ್ದೆ.

"ಹಂಗಾದ್ರೆ ನಾನು ಏನು ಮಾಡ್ಲಿ?"

"ಹತ್ತಿ ಬಟ್ಟೆ ಹೂತಿಡು. ಎರಡು ತಿಂಗಳು ಬಿಟ್ಟು ತೆಗಿ. ಹತ್ತಿ ಅಂದ್ರೆ ಬರೀ ಸೆಲ್ಯುಲೋಸ್. ಸೆಲ್ಯುಲೇಸ್ ಕೆಲಸ ಮಾಡ್ತಿದ್ರೆ ತಿಂದಿರತ್ತೆ. ಬೇರೆ ದೇಶದಲ್ಲಿ ರೈತರು ಚಡ್ಡಿ ಹೂತು ನೋಡ್ತಾರೆ."

ಚಡ್ಡಿ ಹೂಳೋಕೆ ಅಪ್ಪಯ್ಯನ ಎದುರು ಧೈರ್ಯ ಬರಲಿಲ್ಲ. ಬನಿಯನ್ ತಗೊಂಡು ಹೋದೆ.

ಜಾಗ ಮೊದಲೇ ಗುರುತು ಮಾಡಿಕೊಂಡಿದ್ದೆ. ಒಂದು, ತೋಟದ ಆಚೆ ಸೊಪ್ಪಿನ ಬೆಟ್ಟದ ಅಂಚು, ಬೋರ್ಡೋ ಯಾವತ್ತೂ ಬೀಳದ ಕಡೆ. ಎರಡು, ಕೆಳಗಿನ ತೋಟದ ನಡು. ಮೂರು, ಔಷಧಿ ಕಲೆಸೋ ಜಾಗ. ಇದು ತೋಟದ ತಲೆಯಲ್ಲಿ ಕಾಲುವೆ ಪಕ್ಕ ಇದೆ. ಐವತ್ತು ವರ್ಷ ಡ್ರಮ್ ಇಟ್ಟಿದ್ದು, ಚೆಲ್ಲಿದ್ದು, ಉಳಿದದ್ದು ಸುರಿದದ್ದು ಎಲ್ಲ ಅಲ್ಲೇ. ಮಲೆನಾಡಲ್ಲಿ ಗೋಡೆ ಮೇಲೂ ಹುಲ್ಲು ಹುಟ್ಟತ್ತೆ, ಅಲ್ಲಿ ಮಾತ್ರ ಸರಿಯಾಗಿ ಹುಟ್ಟಲ್ಲ. ಚಿಕ್ಕವರಿದ್ದಾಗ ನಾನು, ತಮ್ಮ ಅಲ್ಲೇ ಕ್ರಿಕೆಟ್ ಆಡ್ತಿದ್ವಿ. ಊರಲ್ಲೇ ಒಳ್ಳೆ ಪಿಚ್ ಅಂತ ಹೆಮ್ಮೆ ಬೇರೆ ಇತ್ತು.

ಅಪ್ಪಯ್ಯ ಹಾರೆ ಹಿಡಿದು ಜೊತೆಗೆ ಬಂದರು. ಮೂರು ಗುಂಡಿ ಆಯಿತು, ಒಂದೊಂದು ಗೇಣು ಆಳ. ಕೈಯಲ್ಲಿ ಒಂದು ಬನಿಯನ್ ಉಳೀತು.

"ಇದನ್ನ ಎಂತ ಮಾಡ್ತೆ, ವಾಪಸ್ ತಗೊಂಡ್ ಹೋಗ್ತ್ಯಾ? ಕೊಟ್ಟಿಗೆ ಹಿಂದಿನ ಸಾಲಲ್ಲಿ ಹಾಕು. ಅದೂ ತೋಟವೇ ಅಲ್ವನಾ?" ಅಂದರು. ಹಾಕಿದೆ. ನನ್ನ ಪ್ಲಾನಿನಲ್ಲಿ ಅದು ಇರಲಿಲ್ಲ.

ಅಮ್ಮ ಅಂಗಳದಿಂದ ಕೂಗಿದರು, "ನೆಲ ಒರ್ಸಕ್ಕೆ ಬಟ್ಟೆ ಇಲ್ಲ ಅಂತ ಹೇಳಿ ಹೇಳಿ ಸಾಕಾಯ್ತು ನಂಗೆ. ಇವ ಹೊಸಾ ಬನಿಯನ್ ಮಣ್ಣಿಗೆ ಹಾಕ್ತಾ ಇದಾನೆ." ನಾನು ಬೆಂಗಳೂರಿಗೆ ವಾಪಸ್ ಬಂದು ವಾರಕ್ಕೆ ಅಪ್ಪಯ್ಯನ ಫೋನು. ಹುಲ್ಲು ಕತ್ತರಿಸೋಕೆ ಬಂದವನ ಕಣ್ಣಿಗೆ ಕೋಲು ನೆಟ್ಟ ಗುಂಡಿ, ಬಟ್ಟೆ ಅಂಚು ಬಿದ್ದಿದೆ. ಅವನು ಮೆಷಿನ್ ಅಲ್ಲೇ ಬಿಟ್ಟು ಓಡಿದ್ದಾನೆ. ಸಂಜೆ ಹೊತ್ತಿಗೆ ನಮ್ಮ ತೋಟಕ್ಕೆ ಯಾರೋ ಮಾಟ ಮಾಡಿಸಿದ್ದಾರೆ ಅಂತ ಊರೆಲ್ಲ ಸುದ್ದಿ. ಅಪ್ಪಯ್ಯ ಮನೆ ಮನೆಗೆ ಹೋಗಿ, ಮಾಟ ಅಲ್ಲ ನನ್ನ ಮಗ ಅಂತ ಹೇಳಬೇಕಾಯಿತಂತೆ.

ದೀಪಾವಳಿಗೆ ಹೋದೆ. ಬಲಿಪಾಡ್ಯಮಿ ಮಧ್ಯಾಹ್ನ ಊಟ ಮುಗಿಸಿ ಅಗೆಯೋಕೆ ಹೊರಟೆವು. ಅಮ್ಮನೂ ಬಂದರು, ಕಾರಣ ಕೇಳಿದರೆ "ಉಳಿದಿದ್ರೆ ನೆಲ ಒರ್ಸಕ್ಕಾಯ್ತು" ಅಂದರು.

ಬೆಟ್ಟದ ಅಂಚಿನದ್ದು ಸಿಗಲೇ ಇಲ್ಲ ಅಂದುಕೊಂಡೆವು. ಆಮೇಲೆ ನೋಡಿದರೆ ಹೊಲಿಗೆ ದಾರ, ಕುತ್ತಿಗೆ ಹತ್ತಿರದ ಲೇಬಲ್ ಮಾತ್ರ ಇತ್ತು, ಎರಡೂ ಪಾಲಿಯೆಸ್ಟರ್. ಹತ್ತಿ ಪೂರ್ತಿ ಮಣ್ಣಾಗಿತ್ತು. ಔಷಧಿ ಕಲೆಸೋ ಜಾಗದ್ದನ್ನು ಅಪ್ಪಯ್ಯ ಎಳೆದರು. ಇಡೀ ಬನಿಯನ್ ಬಂತು. ಕೊಡವಿದರು. ಕೆಂಪು ಮಣ್ಣಿನ ಕಲೆ ಬಿಟ್ಟರೆ ಏನೂ ಆಗಿರಲಿಲ್ಲ. ಎರಡು ತಿಂಗಳ ಮಳೆ, ತೇವ, ಮಣ್ಣು, ಯಾವುದೂ ಅದನ್ನು ಮುಟ್ಟಿರಲಿಲ್ಲ. ಒಗೆದು ಹಾಕಿಕೊಳ್ಳಬಹುದಿತ್ತು. ಅಮ್ಮ ಕೂಡ ಅದನ್ನು ಕೇಳಲಿಲ್ಲ.

ತೋಟದ ನಡುವಿನದ್ದು ಅರ್ಧಂಬರ್ಧ. ಅಲ್ಲಲ್ಲಿ ತೂತು, ಆದರೆ ಇದು ಬನಿಯನ್ ಅಂತ ಯಾರಾದರೂ ಹೇಳಬಹುದು.

ನಾಲ್ಕನೇದು, ಅಪ್ಪಯ್ಯ ಆರಿಸಿದ ಜಾಗದ್ದು. ಕೊಟ್ಟಿಗೆ ಹಿಂದಿನ ಆ ಸಾಲಿಗೂ ವರ್ಷಾ ವರ್ಷ ಅದೇ ಬೋರ್ಡೋ, ಅದೇ ಎರಡು ಸುತ್ತು, ಅದೇ ಕೊನೆಗಾರ. ಅಲ್ಲಿ ಗುದ್ದಲಿ ಹಾಕಿದರೆ ಎರೆಹುಳ ಮೇಲೆ ಬಂತು. ಬನಿಯನ್ನಿನಲ್ಲಿ ಉಳಿದಿದ್ದು ಭುಜದ ಪಟ್ಟಿ, ಒಂದು ಕೈಯಗಲ ಜಾಲರಿ. ಬೆಟ್ಟದ ಅಂಚಿನಷ್ಟು ಅಲ್ಲ, ಆದರೆ ಹತ್ತಿರ ಹತ್ತಿರ.

ಅಪ್ಪಯ್ಯ ಆ ಜಾಲರಿ ಹಿಡಿದು ಬಹಳ ಹೊತ್ತು ನೋಡಿದರು. "ಇದು ನಾವು ಕತ್ತಿ ಅದ್ದಿ ನೋಡ್ದಂಗೇ ಆಯ್ತಲ" ಅಂದರು. ಆಮೇಲೆ ಅಮ್ಮನ ಕಡೆ ತಿರುಗಿ, "ಇಲ್ಲಿಗೆ ನೀ ಸಗಣಿ ಹಾಕ್ತೆ ಅಲ್ಲನೇ?"

"ಒಂದು ದನದ್ದು ಇನ್ನೆಷ್ಟು ದೂರ ಹೊತ್ಕೊಂಡು ಹೋಗ್ಲಿ? ಕೊಟ್ಟಿಗೆ ಗುಡ್ಸಿದ್ದು, ದರಗು, ಎಲ್ಲ ಇಲ್ಲಿಗೇ ಹಾಕೋದು" ಅಂದರು ಅಮ್ಮ.

ನಾನು ವಿಜ್ಞಾನದ ವಿವರಣೆಗೆ ಬಾಯಿ ತೆಗೆದೆ. ಗೊಬ್ಬರದ ಸಾವಯವ ವಸ್ತು ತಾಮ್ರವನ್ನು ತಬ್ಬಿ ಹಿಡಿದುಕೊಳ್ಳತ್ತೆ, ಹಿಡಿದ ತಾಮ್ರ ಕಿಣ್ವದ ತಂಟೆಗೆ ಹೋಗೋದು ಕಡಿಮೆ. ನಮ್ಮ ಮಣ್ಣು ಹುಳಿ ಮಣ್ಣು, ಹುಳಿಯಲ್ಲಿ ತಾಮ್ರ ಹೆಚ್ಚು ಓಡಾಡತ್ತೆ, ಅದಕ್ಕೆ ಸುಣ್ಣವೂ ಬೇಕು. ಜೊತೆಗೆ ಸಗಣಿ, ಸೊಪ್ಪು ಅಂದರೆ ಜೀವಿಗಳಿಗೆ ಊಟ, ಊಟ ಇದ್ದ ಕಡೆ ಕಿಣ್ವ ಜಾಸ್ತಿ. ಇದರಲ್ಲಿ ಯಾವುದರ ಪಾಲು ಎಷ್ಟು ಅಂತ ನಾಲ್ಕು ಬನಿಯನ್ ಇಟ್ಟುಕೊಂಡು ಹೇಳೋಕಾಗಲ್ಲ, ನೆರಳು, ನೀರು ಎಲ್ಲ ಬೇರೆ ಬೇರೆ... ಇಷ್ಟು ಹೇಳೋ ಹೊತ್ತಿಗೆ ಅಪ್ಪಯ್ಯ ಕೇಳಿದರು.

"ತೋಟಕ್ಕೆ ಪೂರ್ತಿ ಸೊಪ್ಪು ಹಾಕಿದ್ದು ಕಡೇ ಸಲ ಯಾವಾಗ ಹೇಳು?"

ನನಗೆ ನೆನಪಿರಲಿಲ್ಲ.

"ನೀನು ಪಿಯುಸಿ ಮುಗ್ಸಿದ ವರ್ಷ."

ಅವರು ಆರೋಪದ ದನಿಯಲ್ಲಿ ಹೇಳಲಿಲ್ಲ. ಲೆಕ್ಕ ಹೇಳಿದ ಹಾಗೆ ಹೇಳಿದರು. ನಾನು, ತಮ್ಮ, ಅಪ್ಪಯ್ಯ, ಇನ್ನಿಬ್ಬರು ಆಳು ಸೇರಿ ಬೇಸಿಗೆ ತುಂಬ ಬೆಟ್ಟದಿಂದ ಸೊಪ್ಪು ಹೊರುತ್ತಿದ್ದೆವು. ಕೊಟ್ಟಿಗೆಯಲ್ಲಿ ಎಂಟು ದನ ಇದ್ದವು. ನಾನು ಇಂಜಿನಿಯರಿಂಗಿಗೆ ಹೋದೆ, ಎರಡು ವರ್ಷಕ್ಕೆ ತಮ್ಮನೂ ಹೋದ. ಆಳುಗಳ ಮಕ್ಕಳೂ ಓದಿ ಶಿವಮೊಗ್ಗ, ಬೆಂಗಳೂರು ಸೇರಿದರು, ಸೇರಬೇಕಾದ್ದೇ. ಹುಲ್ಲು ತರೋರಿಲ್ಲದೆ ಎಂಟು ದನ ನಾಲ್ಕಾಯಿತು, ನಾಲ್ಕು ಒಂದಾಯಿತು. ಗೊಬ್ಬರ ಅಂಗಡಿಯಿಂದ ಚೀಲದಲ್ಲಿ ಬರೋಕೆ ಶುರುವಾಯಿತು. ಬೋರ್ಡೋ ಮಾತ್ರ ಒಂದು ವರ್ಷವೂ ತಪ್ಪಲಿಲ್ಲ, ನಾನು ತಪ್ಪಿಸಿದ ಆ ಒಂದು ವರ್ಷ ಬಿಟ್ಟರೆ.

ಅಜ್ಜಯ್ಯನ ತೋಟಕ್ಕೂ ತಾಮ್ರ ಬೀಳುತ್ತಿತ್ತು. ಆದರೆ ಪ್ರತಿ ವರ್ಷ ಅದರ ಮೇಲೆ ನೂರಾರು ಹೊರೆ ಸೊಪ್ಪು, ಗಾಡಿಗಟ್ಟಲೆ ಗೊಬ್ಬರ ಬೀಳುತ್ತಿತ್ತು. ಮಣ್ಣು ಸಾಲ ತೆಗೆದುಕೊಳ್ಳುತ್ತಿತ್ತು, ತೀರಿಸುತ್ತಲೂ ಇತ್ತು. ನಾವು ತೀರಿಸೋದನ್ನು ನಿಲ್ಲಿಸಿ, ಸಾಲ ಮಾತ್ರ ಮುಂದುವರಿಸಿದೆವು. 2018ರಲ್ಲಿ ಅಪ್ಪಯ್ಯನಿಗೆ ಏನು ನಿಲ್ಲಿಸಬೇಕು ಅಂತ ಹ್ಞೂಂಕರಿಸಿ ಹೇಳಿದ್ದೆನಲ್ಲ, ಏನು ನಿಂತುಹೋಗಿದೆ ಅಂತ ಆವತ್ತು ಕೇಳಿರಲಿಲ್ಲ. ಕೇಳಿದ್ದರೆ ಉತ್ತರದಲ್ಲಿ ನಾನೇ ಇರುತ್ತಿದ್ದೆ.

ಈಗ ಏನು ಮಾಡುತ್ತಿದ್ದೇವೆ ಅಂತ ಕೇಳುತ್ತೀರಿ. ದೊಡ್ಡದೇನಿಲ್ಲ. ಕೆಲಸ ಬಿಟ್ಟು ಊರಿಗೆ ಹೋಗಿ ಕೃಷಿ ಮಾಡಿದ ಟೆಕ್ಕಿಯ ಕತೆ ಇದಲ್ಲ, ಇಎಂಐ ಇನ್ನೂ ಹದಿನಾಲ್ಕು ವರ್ಷ ಇದೆ. ಬಾಡಿಗೆಗೆ ಪುಡಿ ಮಾಡೋ ಮೆಷಿನ್ ತಂದು ಬಿದ್ದ ಸೋಗೆ, ಹಾಳೆ ಎಲ್ಲ ಕತ್ತರಿಸಿ ತೋಟಕ್ಕೇ ಹಾಸುತ್ತೇವೆ. ಅವನ್ನು ಮೊದಲು ಬಚ್ಚಲ ಒಲೆಗೆ ಹಾಕುತ್ತಿದ್ದರು. ಒಂದೆರಡು ಲೋಡು ಕೊಟ್ಟಿಗೆ ಗೊಬ್ಬರ ಕೊಳ್ಳುತ್ತೇವೆ. ಮಣ್ಣಿನ ಹುಳಿ ನೋಡಿಸಿ ಸುಣ್ಣ ಹಾಕಿದ್ದಾಯಿತು. ಬೋರ್ಡೋ ಎರಡು ಸುತ್ತು ಹೊಡೆಯುತ್ತೇವೆ, ಅದರ ಬಗ್ಗೆ ನಾನು ಚಕಾರ ಎತ್ತೋದಿಲ್ಲ. ಆದರೆ ಬೇಕಾದಷ್ಟೇ ಕಲೆಸೋದು, ಮಿಕ್ಕಿದ್ದನ್ನು ಒಂದೇ ಕಡೆ ಸುರಿಯದಿರೋದು ಅಂತ ಅಪ್ಪಯ್ಯನೇ ನಿಯಮ ಮಾಡಿದ್ದಾರೆ. ಮಾರ್ಚಿನಲ್ಲಿ ನಾನು ಎರಡು ವಾರ ವರ್ಕ್ ಫ್ರಮ್ ಹೋಮ್ ತಗೊಂಡು ಹೋಗಿ ಬೆಳಗ್ಗೆ ಹತ್ತರವರೆಗೆ ಸೊಪ್ಪು ಹೊತ್ತೆ. ನಲವತ್ತೊಂದು ಹೊರೆ. ಹತ್ತೂವರೆ ಸ್ಟ್ಯಾಂಡ್‌ಅಪ್‌ನಲ್ಲಿ ಕ್ಯಾಮೆರಾ ಆನ್ ಮಾಡಿದಾಗ ಮ್ಯಾನೇಜರ್ ಕೇಳಿದರು, ತಲೆ ಮೇಲೆ ಎಲೆ ಯಾಕಿದೆ ಅಂತ. ಎರಡು ಎಕರೆಗೆ ನಲವತ್ತೊಂದು ಹೊರೆ ಯಾವ ಮೂಲೆಗೂ ಸಾಲದು ಅಂತ ನನಗೂ ಗೊತ್ತು, ಅಪ್ಪಯ್ಯನಿಗೂ ಗೊತ್ತು. ಅವರು ಲೆಕ್ಕ ಬರೆದಿಟ್ಟಿದ್ದಾರೆ.

ಮೊನ್ನೆ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳಿದ ಮೇಲೆ ಒಂದು ಕ್ಷಣ ಸುಮ್ಮನಿದ್ದರು.

"ಗಣೇಶನ ಹಬ್ಬಕ್ಕೆ ಬರೋವಾಗ ಬನಿಯನ್ ತಗೊಂಡ್ ಬಾ. ಈ ಸಲ ಆರು ಬೇಕು."

"ಆರು ಯಾಕೆ ಅಪ್ಪಯ್ಯ?"

"ಆ ಕಲೆಸೋ ಜಾಗಕ್ಕೆ ಐದು ಬುಟ್ಟಿ ಗೊಬ್ಬರ ಹಾಕಿದೀನಿ. ಅಲ್ಲಿ ಎರಡು ಹೂತು ನೋಡ್ಬೇಕು. ಮತ್ತೆ ಹಳೇದು ತಗೊಂಡ್ ಬಾ ಮಾರಾಯ. ಹೊಸಾದು ತಂದ್ರೆ ನಿಮ್ಮಮ್ಮನ ಬಾಯಿ ಕೇಳಕ್ಕಾಗಲ್ಲ."